ನಮ್ಮನೆಯ ಮೂಗು, ನನ್ನ ಕೈ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಹನ್ನೊಂದು ತಿಂಗಳು, ಕೆಳಗೆ ಎರಡು ಹಲ್ಲು, ಅತ್ತರೆ ಇಡೀ ಓಣಿ ಎದ್ದು ಕೂರುವಂಥ ಗಂಟಲು. ಮಗ-ಸೊಸೆ ದತ್ತು ತಂದ ಕೂಸು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆಂದರೆ ಸಂತೋಷ ಎಷ್ಟಿರಬೇಕು, ನೀವೇ ಹೇಳಿ!

ಆದರೆ ಆ ದಿನದ ಸುದ್ದಿಗೆ ಮೊದಲು ನಮ್ಮ ಯಜಮಾನರ ಮೂಗಿನ ಸುದ್ದಿ ಹೇಳಬೇಕು. ನಾನು ಮದುವೆಯಾದದ್ದು ಮನುಷ್ಯನನ್ನಲ್ಲ, ಒಂದು ಮೂಗನ್ನು! ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮೂಸಿ, ಅದು ಯಾವ ಊರ ಹೊಲದ್ದೆಂದು ಹೇಳುವುದು ಅವರ ಕೆಲಸ. ಆ ಕೆಲಸವನ್ನು ಅಲ್ಲೇ ಬಿಟ್ಟು ಬರಬಾರದೇ? ಬಸ್ ಟಿಕೀಟು ಮೂಸುತ್ತಾರೆ. ಹೊಸ ಅಂಗಿ ಮೂಸುತ್ತಾರೆ. ಮಗನಿಗೆ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಮೂಸಿ "ಸಂಬಂಧ ಪಕ್ಕಾ" ಅಂದವರು, ಹುಡುಗಿಯ ಮುಖ ಆಮೇಲೆ ನೋಡಿದರು!

ನಾನೇನು ಕಡಿಮೆಯೇ? ದತ್ತಿನ ಮಾತು ಮೊದಲ ಸಲ ಬಂದಾಗ, ಊಟದ ಹೊತ್ತಿನಲ್ಲಿ, "ಯಾರ ಕೂಸೋ ಏನೋ!" ಅಂದುಬಿಟ್ಟೆ. ಸೊಸೆ ಅರ್ಧ ತಾಟು ಬಿಟ್ಟು ಎದ್ದು ಹೋದಳು. ಅವತ್ತಿನಿಂದ ನನ್ನ ನಾಲಿಗೆಗೆ ನಾನೇ ಬೈದುಕೊಂಡದ್ದು ಎಷ್ಟು ಸಲವೋ. ಅಷ್ಟಾದರೂ ಕೂಸು ಸಿಗುವ ದಿನ ಗೊತ್ತಾದಾಗ ಅವಳು ಬಂದು ಹೇಳಿದಳು: "ಅತ್ತೀ, ಕೂಸನ್ನ ಮೊದಲ ನೀವ ಎತ್ಕೋಬೇಕು."

ಎತ್ತಿಕೊಳ್ಳುವುದಾದರೂ ಹೇಗೆ? ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈ ಇವು! ಮುಟ್ಟಿದ ಕಡೆಯೆಲ್ಲ ಉರಿ. ಕೂಸಿನ ಕಣ್ಣಿಗೆ ತಾಗಿದರೆ? ಎಂಟು ದಿನ ಕೂಲಿಗೆ ರಜೆ ಹಾಕಿ, ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂತೆ.

ಹಾವೇರಿಯ ದತ್ತು ಕಚೇರಿಯವರು ಮಧ್ಯಾಹ್ನ ಮೂರಕ್ಕೆ ಬನ್ನಿ ಅಂದಿದ್ದರು. ನಮ್ಮ ಮೂಗು ಎಲ್ಲರನ್ನೂ ಬೆಳಗಿನ ಆರಕ್ಕೇ ಬಾಡಿಗೆ ಕಾರಿನಲ್ಲಿ ತುಂಬಿತು! ಉಳಿದ ಹೊತ್ತು ಏನು ಮಾಡುವುದು? ಊರು ನೋಡುವುದು, ತಿನ್ನುವುದು. ಕಾಗಿನೆಲೆಯಲ್ಲಿ ಗುಡಿ ನೋಡಿದೆವು, ಕೆರೆ ನೋಡಿದೆವು. ಹಾವೇರಿಗೆ ಬಂದು ಚುರುಮುರಿಯ ಗಿರ್ಮಿಟ್ಟು, ಮಿರ್ಚಿ ಭಜಿ ಮಾರುವ ಗಾಡಿಯ ಮುಂದೆ ನಿಂತೆವು. ಇವರು ಬಾಣಲೆಗೆ ಬಗ್ಗಿ, "ಎಣ್ಣಿ ನಿನ್ನೇದು" ಅಂದರು.

ಗಾಡಿಯವನು ಬಿಟ್ಟಾನೆಯೇ? "ಯಜಮಾನ್ರ, ನೀವು ಬಾಯಿಲೆ ತಿಂತೀರೋ, ಮೂಗಿಲೆ ತಿಂತೀರೋ?"

ನಾನು ಬಿದ್ದು ಬಿದ್ದು ನಕ್ಕೆ. ಆದರೆ ನಾನೂ ಸಿಕ್ಕಿಬಿದ್ದೆ. ಮಜ್ಜಿಗೆಯಲ್ಲಿ ಅದ್ದಿದ ಕೈಗೆ ಮತ್ತೆ ಖಾರ ತಾಗಬಾರದಲ್ಲ! "ನನಗ ಮಿರ್ಚಿ ಬ್ಯಾಡಪ್ಪ, ಬರೇ ಗಿರ್ಮಿಟ್ಟ ಕೊಡು" ಅಂದೆ.

"ಯಾವೂರಬೇ ನಿಂದು?"

"ಬ್ಯಾಡಗಿ."

"ಬ್ಯಾಡಗಿಯಾಕಿ ಮಿರ್ಚಿ ಒಲ್ಲೆ ಅಂತಿ? ಆರಾಮ ಇಲ್ಲೇನು?"

ತಿಂದಾದ ಮೇಲೆ ಇವರು ಕೂಸಿಗೆ ಏಲಕ್ಕಿ ಮಾಲೆ ಕೊಳ್ಳಲು ಹೋದರು. ಹಾವೇರಿಗೆ ಬಂದು ಏಲಕ್ಕಿ ಮಾಲೆ ಒಯ್ಯದಿದ್ದರೆ ಹೇಗೆ? ಸರಿ, ಆದರೆ ಅಂಗಡಿಯ ಅಷ್ಟೂ ಮಾಲೆ ಮೂಸಬೇಕೇ? ಕಾಲು ಸೋತು ನಾನು ಪಕ್ಕದ ಕಟ್ಟೆಯ ಮೇಲೆ ಕೂತೆ. ಅಲ್ಲೊಬ್ಬಳು ಗೋಣಿತಾಟಿನ ಮೇಲೆ ಏನೋ ಹರವಿಕೊಂಡು ಕೂತಿದ್ದಳು.

"ಎಲ್ಲಿಗೆ ಬಂದೀಬೇ ಅಕ್ಕಾ?"

ಕೇಳಿದ್ದೇ ತಡ, ನಾನು ಮೊಮ್ಮಗಳ ಪುರಾಣ ಬಿಚ್ಚಿದೆ. ಫೋಟೋದಲ್ಲಿ ನೋಡಿದ ಗಲ್ಲ, ಅವಳ ತಲೆಗೆಂದು ಹೊಲಿಸಿಟ್ಟ ಕುಲಾಯಿ, ಎಲ್ಲಾ! ಅವಳು ನಡುವೆ ತಡೆದು ನಕ್ಕಳು: "ಅಕ್ಕಾ, ಮಾತಿನಾಗ ನನ್ನ ಅರ್ಧ ಬುಟ್ಟಿ ಬಿಡಿಸಿ ಒಗದೀದಿ!"

ನೋಡಿದರೆ ಮೆಣಸಿನಕಾಯಿ! ಬಾಯಿ ಮಾತಾಡುತ್ತಿತ್ತು, ಕೈ ತನ್ನ ಪಾಡಿಗೆ ತೊಟ್ಟು ಮುರಿಯುತ್ತಿತ್ತು. ಎಂಟು ದಿನದ ಮಜ್ಜಿಗೆ ನೀರುಪಾಲಾಯಿತು! ನಲ್ಲಿಗೆ ಓಡಿ ಮೂರು ಸಲ ತೊಳೆದೆ. ಉರಿ ಹೋಗುತ್ತದೆಯೇ?

ಮೂರು ಗಂಟೆಗೆ ಕಚೇರಿಯಲ್ಲಿ ಆಯಾ ಕೂಸನ್ನು ತಂದು ನನ್ನ ಮುಂದೆ ಹಿಡಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಒಂದು ಹೆಜ್ಜೆ ಹಿಂದೆ ಸರಿದೆ.

ಸೊಸೆಯ ಮುಖ ಬಾಡಿತು. "ಅತ್ತೀ... ಇನ್ನೂ ಮನಸಿಲ್ಲೇನ್ರಿ?"

ದಿನವಿಡೀ ಓಡಿದ ನಾಲಿಗೆ ಆಗಲೇ ಸಾಯಬೇಕೇ? ಕೈಯನ್ನು ಬೆನ್ನಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡೆ. ಅಷ್ಟರಲ್ಲಿ ಬೆನ್ನ ಹಿಂದೆ ಮೂಸುವ ಸದ್ದು.

"ಮೆಣಸಿನಕಾಯಿ! ಅದೂ ಗುಂಟೂರಿನ ಕಾಯಿ! ಬ್ಯಾಡಗಿ ಮಾನ ಕಳದೆಲ್ಲೇ!" ಆಮೇಲೆ ಸೊಸೆಯ ಕಡೆ ತಿರುಗಿದರು. "ತಂಗೀ, ಮನಸಿಲ್ಲ ಅಂತಲ್ಲವಾ. ಕೂಸಿನ ಕಣ್ಣು ಉರದಾವು ಅಂತ ಕೈ ಮುಚ್ಚಿಟ್ಟಾಳ. ಎಂಟು ದಿನ ನಾವು ಯಾಕ ಮಜ್ಜಿಗಿ ಇಲ್ದ ಉಂಡ್ವಿ, ತಿಳೀತಿಲ್ಲೋ?"

ಸೊಸೆ ಅಳುತ್ತಲೇ ನಕ್ಕಳು. ನನ್ನ ಸೆರಗೆಳೆದು, ಎರಡೂ ಕೈಗೆ ಗಂಟಿನಂತೆ ಸುತ್ತಿ, ಅದರ ಮೇಲೆ ಕೂಸನ್ನಿಟ್ಟಳು. "ಈಗ ಹಿಡೀರಿ." ಕೂಸು ಮೊದಲು ಹಿಡಿದದ್ದು ಏನನ್ನು ಗೊತ್ತೇ? ಅವರ ಮೂಗನ್ನು!

ಸಂಜೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಕೂಸು ನನ್ನ ತೊಡೆಯ ಮೇಲೆ, ಕೈ ಇನ್ನೂ ಸೆರಗಿನೊಳಗೆ. ಹಾಗಾಗಿ ಸೊಸೆಯೇ ನನಗೆ ತುತ್ತು ಕೊಡುತ್ತಿದ್ದಳು. ಮಗ ಅಪ್ಪನನ್ನು ಕೆಣಕಿದ: "ಅಪ್ಪಾ, ಎಲ್ಲಾದಕ್ಕೂ ಮೂಸಿ ಊರ ಹೇಳ್ತೀ. ಇಕಿ ಯಾವೂರಾಕಿ, ಹೇಳು ನೋಡೋಣು?"

ಅವರು ರೊಟ್ಟಿ ಕೆಳಗಿಟ್ಟು, ಬಗ್ಗಿ, ಕೂಸಿನ ನೆತ್ತಿಯನ್ನು ಬಹಳ ಹೊತ್ತು ಮೂಸಿದರು.

"ನಮ್ಮ ಮನೀದ ವಾಸನಿ ಐತಲ್ಲೋ" ಅಂದರು. ಮತ್ತೆ ರೊಟ್ಟಿ ಮುರಿದರು.

ಅವತ್ತು ಅರ್ಧ ತಾಟು ಬಿಟ್ಟೆದ್ದ ಸೊಸೆ, ಹುಗ್ಗಿಯ ತುತ್ತನ್ನು ನನ್ನ ಬಾಯಿಯ ಮುಂದೆ ಹಿಡಿದು ಕಾಯುತ್ತಿದ್ದಳು. ಬಾಯಿ ತೆರೆದೆ.