ಗುರುವಾರದ ನೀರು

ಸರ್ಕಾರಿ ಕಚೇರಿಯಲ್ಲಿ ಕೆಟ್ಟ ಪದ್ಧತಿಯೊಂದು ಯಾರ ಆದೇಶವೂ ಇಲ್ಲದೆ ನೂರು ವರ್ಷ ಬಾಳುತ್ತದೆ. ಒಳ್ಳೆಯ ಪದ್ಧತಿಗೆ ಮಾತ್ರ ಸಾಹೇಬರು ಬದಲಾದಾಗಲೆಲ್ಲ ಹೊಸ ಆದೇಶ ಬೇಕು. ಇದನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ. ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಮ್ಯಾನೇಜರ್ ಆಗಿದ್ದುಕೊಂಡು, ಒಂದು ಮಣ್ಣಿನ ಹೂಜಿಯ ದೆಸೆಯಿಂದ ತಲೆಕೂದಲು ಕಳೆದುಕೊಂಡು ಕಲಿತದ್ದು. ಯಾವ ಕಚೇರಿ ಎಂದು ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು.

ಯಳಂದೂರು ಕಡೆಯ ಪುಟ್ಟಮಾದಮ್ಮ ಮೀಸಲಾತಿಯಲ್ಲಿ ಜವಾನಳಾಗಿ ನಮ್ಮಲ್ಲಿಗೆ ಬಂದಳು. ಸರ್ಕಾರದ ಸುತ್ತೋಲೆ ನಮ್ಮ ಕಚೇರಿ ಮುಟ್ಟಲು ಮೂರು ತಿಂಗಳು ಬೇಕಿತ್ತು. ಅವಳ ಜಾತಿ ಮೂರೇ ನಿಮಿಷದಲ್ಲಿ ಮುಟ್ಟಿತು. ಅಲ್ಲಿಂದಾಚೆಗೆ ಅವಳಿಗೆ ಕಸ ಗುಡಿಸುವ ಕೆಲಸ, ಕಡತ ಹೊರುವ ಕೆಲಸ, ಅಂಚೆಗೆ ಓಡುವ ಕೆಲಸ ಎಲ್ಲ ಸಿಕ್ಕಿತು. ಹೂಜಿಗೆ ಕುಡಿಯುವ ನೀರು ತುಂಬುವ ಕೆಲಸವೊಂದು ಮಾತ್ರ ಸಿಗಲಿಲ್ಲ. ಆಗ ಸಾಹೇಬರಾಗಿದ್ದವರು ಹೊಸ ಹುರುಪಿನ ಹುಡುಗ. ನೀರಿಗೂ ಪಾಳಿ ಹಾಕಿ, ಪುಟ್ಟಮಾದಮ್ಮನಿಗೆ ಮಂಗಳವಾರ ಎಂದು ಪಟ್ಟಿ ಮಾಡಿ, ಅದನ್ನು ಕಾಪಾಡುವ ಹೊಣೆ ನನ್ನ ಕುತ್ತಿಗೆಗೆ ಕಟ್ಟಿ, ವರ್ಗವಾಗಿ ಹೊರಟುಹೋದರು.

ಮೊದಲ ಮಂಗಳವಾರವೇ ನಮ್ಮ ಗುಮಾಸ್ತ ಶಿವನಂಜಪ್ಪ ನೀರು ಬೇಡವೆಂದ. "ಮಂಗಳವಾರ ನೀರೂ ಮುಟ್ಟಲ್ಲ ಸಾ, ಮಾದಪ್ಪಂಗೆ ಹರಕೆ ಒತ್ಕಂಡಿವ್ನಿ" ಎಂದು ಕೈ ಮುಗಿದ. ದೇವರ ವಿಷಯ, ನಾನೇನು ಹೇಳಲಿ? ಪಾಳಿಯನ್ನೇ ಗುರುವಾರಕ್ಕೆ ಬದಲಾಯಿಸಿದೆ. ಹರಕೆಯೂ ಗುರುವಾರಕ್ಕೆ ವರ್ಗವಾಯಿತು! ಉಳಿದವರಿಗೆ ಅಷ್ಟು ಭಕ್ತಿಯಿರಲಿಲ್ಲ. ಅವರು ಗುರುವಾರ ಬಂತೆಂದರೆ ಬಾಯಾರಿದಾಗಲೆಲ್ಲ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಬರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೂಜಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಾರು ಕುಡಿದರು, ಯಾರು ಕುಡಿಯಲಿಲ್ಲ ಎಂದು ಗಿಡುಗನ ಹಾಗೆ ನೋಡುತ್ತಾ ಕೂರುತ್ತಿದ್ದೆ.

ಎರಡನೆಯ ಸಾಹೇಬರು ಬಂದವರೇ "ಈ ಪಾಳಿಗೆ ಯಾವ ನಿಯಮ ಆಧಾರ? ಸ್ಪಷ್ಟೀಕರಣ ಕೇಳಿ" ಎಂದರು. ಮೈಸೂರಿಗೆ ಬರೆದೆ. ಉತ್ತರ ಬರುವಷ್ಟರಲ್ಲಿ ಜಿಲ್ಲೆಯೇ ಒಡೆದು ಎರಡಾಯಿತು. ಕೊಳ್ಳೇಗಾಲ ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಮೈಸೂರಿನವರು ಬರೆದರು. ಕಡತ ಮೈಸೂರಿನಿಂದ ಬಂದಿಲ್ಲ ಎಂದು ಚಾಮರಾಜನಗರದವರು ಬರೆದರು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರಕ್ಕೆ ಸಮಾನತೆಯ ಮೇಲೆ ವಿಪರೀತ ಪ್ರೀತಿ ಉಕ್ಕಿ, ನಮ್ಮ ಪಾಳಿಪಟ್ಟಿಯನ್ನು ಮಂತ್ರಿಗಳ ಭಾವಚಿತ್ರದ ಸಮೇತ ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿದರು. ನಾನು ಹಿಗ್ಗಿದೆ. ಮುಂದಿನ ಚುನಾವಣೆ ಘೋಷಣೆಯಾದ ದಿನವೇ, ಭಾವಚಿತ್ರ ಕಾಣಬಾರದೆಂದು ಪಟ್ಟಿಯ ಮೇಲೆ ಹಳೆಯ ಪತ್ರಿಕೆ ಅಂಟಿಸಬೇಕಾಯಿತು. "ಪಟ್ಟೀನೇ ಕಾಣ್ದಿದ್ಮೇಲೆ ಪಾಳಿ ಎಲ್ಲೈತೆ ಸಾ? ನೀತಿ ಸಂಹಿತೆ ಕಣ್ರಿ" ಎಂದ ಶಿವನಂಜಪ್ಪ. ಆ ಮನುಷ್ಯ ಕಾನೂನು ಓದಿದ್ದರೆ ಎಲ್ಲಿರುತ್ತಿದ್ದನೋ!

ಒಂದು ದಿನ ರೋಸಿಹೋಗಿ ಪುಟ್ಟಮಾದಮ್ಮನಿಗೇ ಹೇಳಿದೆ: "ಬಿಟ್ಟುಬಿಡಮ್ಮ. ಒಂದು ಹೂಜಿ ನೀರಿಗೆ ಇಷ್ಟು ರಾಮಾಯಣ ಯಾಕೆ? ನಿನಗೂ ಒಂದು ಕೆಲಸ ಕಮ್ಮಿ."

ಅವಳು ಪೊರಕೆ ಕೆಳಗಿಟ್ಟಳು. "ನೀರ್ ಒರದು ನಂಗೇನ್ ಆಸೆ ಅಲ್ಲ ಸಾ. ಎಲ್ರ ಪಾಳೀನೂ ಮಡಗಿ ನಂದೊಂದ್ನೇ ತೆಗುದ್ರೆ, ಯಾಕ್ ತೆಗುದ್ರು ಅಂತ ನಂಗ್ ಗೊತ್ತಾಯ್ತದಲ್ಲ. ದಿನಾ ಅದ್ನ ತಿಳ್ಕಂಡು ಈ ಬಾಗ್ಲಲ್ಲಿ ಒಳಕ್ ಬರ್ಬೇಕಲ್ಲ."

ನನಗೆ ನಾಚಿಕೆಯಾಯಿತು. ಪಾಳಿ ಬಿಡಲಿಲ್ಲ. ಹೀಗೆ ಏಳು ವರ್ಷ, ನಾಲ್ಕು ಸಾಹೇಬರು. ಸುಳ್ಳೇಕೆ, ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಈ ಹೋರಾಟದ ಕಥೆ ಹೇಳಿ ಹೇಳಿ, ಹೆಂಡತಿ "ಸಾರು ಆರಿಹೋಯ್ತು" ಎನ್ನುವವರೆಗೂ ನಿಲ್ಲಿಸುತ್ತಿರಲಿಲ್ಲ.

ಐದನೆಯ ಸಾಹೇಬರು ನಲ್ಲಿಯಿರುವ ದೊಡ್ಡ ನೀರಿನ ಕ್ಯಾನು ತರಿಸಿದರು. "ಇನ್ನು ಹೂಜಿಯೂ ಬೇಡ, ಪಾಳಿಯೂ ಬೇಡ, ಸಮಸ್ಯೆಯೇ ಇಲ್ಲ. ಆದೇಶ ಬರೆದು ತನ್ನಿ" ಎಂದರು. ಎಷ್ಟು ಸುಲಭ! ನನಗಂತೂ ಹೊತ್ತ ಮೂಟೆ ಇಳಿಸಿದಂತಾಯಿತು. ಖುಷಿಯಿಂದಲೇ ಕರಡು ಬರೆಯುತ್ತಾ ಕೂತಿದ್ದೆ. ಪುಟ್ಟಮಾದಮ್ಮ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಮೇಜಿನ ಮೇಲಿಟ್ಟಳು.

"ಇವತ್ತು ನನ್ ಪಾಳಿ ಕೊನೇದು ಸಾ. ಕುಡೀರಿ."

"ಅಯ್ಯೋ, ನನಗೆ ಗ್ಯಾಸ್ಟ್ರಿಕ್ ಅಲ್ಲವೇನಮ್ಮ? ಡಾಕ್ಟರು ಜೀರಿಗೆ ನೀರೇ ಕುಡಿಯಬೇಕು ಅಂದಿದ್ದಾರೆ" ಎಂದು ಮನೆಯಿಂದ ತಂದ ಫ್ಲಾಸ್ಕ್ ತೋರಿಸಿದೆ.

"ಅದು ಗುರುವಾರ ಗುರುವಾರ ಮಾತ್ರ ಬತ್ತದಾ ಸಾ?"

ಕೋಪದಿಂದ ಕೇಳಲಿಲ್ಲ, ಯಾವುದೋ ಕಡತ ಎಲ್ಲಿಡಲಿ ಎಂದು ಕೇಳುವ ಹಾಗೆ ಕೇಳಿದಳು. ನಾನು ಲೆಕ್ಕ ಹಾಕಿದೆ. ನಿನ್ನೆ ಹೂಜಿಯಿಂದ ಕುಡಿದಿದ್ದೆ. ಮೊನ್ನೆಯೂ ಕುಡಿದಿದ್ದೆ. ಹೋದ ಗುರುವಾರ ಫ್ಲಾಸ್ಕ್. ಅದರ ಹಿಂದಿನ ಗುರುವಾರವೂ ಫ್ಲಾಸ್ಕ್. ದೇವರಾಣೆ ಹೇಳುತ್ತೇನೆ, ಇದು ನನಗೇ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದನ್ನು ನೀವು ನಂಬಬೇಕಿಲ್ಲ, ಅವಳೂ ನಂಬಲಿಲ್ಲ.

ಲೋಟ ಎತ್ತಿ ಗಟಗಟನೆ ಕುಡಿದೆ.

"ಚೆನ್ನಾಗದಾ ಸಾ?"

"ತಣ್ಣಗಿದೆ, ಚೆನ್ನಾಗಿದೆ" ಎಂದೆ.

"ಏಳ್ ವರ್ಸದಿಂದ್ಲೂ ಇಂಗೇ ಇತ್ತು" ಎಂದು ಲೋಟ ತೆಗೆದುಕೊಂಡು ಹೋದಳು.

ಆ ದಿನ ಆದೇಶವನ್ನು ಸಾಹೇಬರ ಮುಂದಿಡಲು ನನಗೆ ಮನಸ್ಸು ಬರಲಿಲ್ಲ. ಮರುದಿನ ಇಟ್ಟೆ.