ಮಾರ್ಕಣ್ಣನನ್ನು ನಾವು ಕಾಪಾಡಿದ್ದು

ನಮ್ಮ ಬೀದಿಗೆ ಒಂದು ಮರ್ಯಾದೆ ಇದೆ. ಹೆಗಲಿಗೆ ಬ್ಯಾಗು ಹಾಕಿಕೊಂಡವರು ಬಂದು ಯಾರ ಹೆಸರು ಹಿಡಿದು ವಿಚಾರಿಸಿದರೂ ನಾವು ‘ಗೊತ್ತಿಲ್ಲ’ ಎನ್ನುತ್ತೇವೆ. ಹಿರಿಯೂರಿನಲ್ಲಿ ಬ್ಯಾಗಿನವರು ಬರುವುದೇ ಫೈನಾನ್ಸ್ ಕಂತು ಕೇಳಲಿಕ್ಕೆ ಎಂಬುದು ನಮ್ಮ ನಂಬಿಕೆ. ಪಕ್ಕದ ಮನೆಯವನು ನನ್ನ ಜಗಲಿಯ ಮೇಲೆಯೇ ಕೂತು ಕಾಫಿ ಕುಡಿಯುತ್ತಿದ್ದಾಗ, ಅವನನ್ನು ಹುಡುಕಿಕೊಂಡು ಬಂದವರಿಗೆ ‘ಅವ್ರು ಮನೆ ಖಾಲಿ ಮಾಡಿ ಯಾವ ಕಾಲಾತು’ ಎಂದವನು ನಾನು. ಅವನೂ ಹೌದೆಂದು ತಲೆಯಾಡಿಸಿದ.

ಇಂಥ ಬೀದಿಯಲ್ಲಿ ನನ್ನ ಮಳಿಗೆಯನ್ನು ಬಾಡಿಗೆಗೆ ಹಿಡಿದು ಇಟಲಿಯ ಮಾರ್ಕೊ ಎಂಬುವನು ಕೊಬ್ಬರಿ ಬಿಸ್ಕತ್ತಿನ ಬೇಕರಿ ತೆರೆದ. ಸುಣ್ಣ ಹೊಡೆದ ಗೋಡೆಯಂಥ ಬಿಳುಪು. ಮಾತು ಮಾತ್ರ ನಮ್ಮದೇ ಕಲಿತಿದ್ದ. ಬೀದಿಗೆಲ್ಲ ಮಾರ್ಕಣ್ಣ. ಹೈವೇಯವರು ಘಮಕ್ಕೆ ಕಾರು ನಿಲ್ಲಿಸಿ ಇಳಿಯುವರು, ‘ಸ್ಕ್ಯಾನರ್ ಎಲ್ಲಿ?’ ಎನ್ನುವರು, ಇಲ್ಲವೆಂದರೆ ಹೊರಟೇಬಿಡುವರು. ಅದಕ್ಕೆ ಅಂಗಡಿಯ ಹೆಸರಿನಲ್ಲಿ ಮರ್ಚೆಂಟ್ ಅಕೌಂಟ್ ಬೇಕು. ಬ್ಯಾಂಕಿನವರು ವಿದೇಶದವನೆಂದು ಪಾಸ್‌ಪೋರ್ಟು, ವೀಸಾ ಎಲ್ಲ ತಿರುವಿ ಹಾಕಿ, ಇನ್ನು ಬೀದಿಗೆ ಬಂದು ವಿಚಾರಿಸುವುದೊಂದೇ ಬಾಕಿ ಎಂದಿದ್ದರು. ‘ಇದು ಸಿಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಿ ಊರಿಗೆ ಹೋಗ್ತೀನಿ ಅಣ್ಣ’ ಎಂದು ಅವನು ಹೇಳಿದಾಗ ನನ್ನ ಕರುಳು ಚುರುಕ್ಕೆಂದಿತು.

ಬ್ಯಾಂಕಿನವನು ಬಂದ. ಹಾಳಾದವನು ಬ್ಯಾಗು ಹಾಕಿಕೊಂಡೇ ಬಂದ. ಹೂ ಮಾರುವ ಗಂಗಮ್ಮ, ‘ಮಾರ್ಕನೂ ಇಲ್ಲ ಗೀರ್ಕನೂ ಇಲ್ಲ, ಮುಂದಕ್ಕೋಗಪ್ಪ’ ಎಂದಳು. ನಾನು ‘ಈ ಊರಾಗೆ ವಿದೇಶದೋರಾ? ಎಲ್ಲವ್ರೆ ಸ್ವಾಮಿ!’ ಎಂದೆ. ಅಷ್ಟರಲ್ಲಿ ಮೈಯೆಲ್ಲ ಹಿಟ್ಟು ಮಾಡಿಕೊಂಡ ಮಾರ್ಕಣ್ಣ ಹೊರಗೆ ಬರಬೇಕೆ! ಅವನನ್ನು ಒಳಗೆ ದಬ್ಬಿ, ‘ನಮ್ಮ ಭಾವಮೈದ, ಒಸಿ ಬೆಳ್ಳಗವ್ನೆ’ ಎಂದೆ. ‘ಈ ವಿಳಾಸದಲ್ಲಿ ಅರ್ಜಿದಾರರು ಇಲ್ಲ’ ಎಂದು ವರದಿ ಹೋಯಿತು.

ತಪ್ಪಾಯಿತೆಂದು ನಾನೇ ಬ್ಯಾಂಕಿಗೆ ಹೋಗಿ ಕೈಮುಗಿದೆ. ಬ್ಯಾಂಕಿನವನು ಮತ್ತೆ ಬಂದ. ಈ ಸಲ ಬೀದಿಗೆ ಬೀದಿಯೇ ಸಜ್ಜಾಗಿತ್ತು. ‘ಮಾರ್ಕಣ್ಣನಾ? ಇಲ್ಲೇ ಹುಟ್ಟಿ ಬೆಳೆದೋನು ಕಣ್ರಿ, ನಾನೇ ಎತ್ತಿ ಆಡ್ಸೀನಿ’ ಎಂದಳು ಗಂಗಮ್ಮ. ನಾನು ಬಿಟ್ಟೇನೆಯೇ? ‘ಇವ್ರ ತಾತನ ಕಾಲದಿಂದ್ಲೂ ಗೊತ್ತು’ ಎಂದೆ. ‘ಅರ್ಜಿದಾರರು ಸ್ಥಳೀಯರು, ವಿದೇಶಿ ಎಂಬುದು ಸುಳ್ಳು’ ಎಂದು ಅರ್ಜಿ ವಾಪಸು ಬಂತು. ಮಾರ್ಕಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ, ಇಟಲಿಯ ಭಾಷೆಯಲ್ಲಿ ಏನೋ ಅಂದುಕೊಂಡ.

ಮೂರನೆಯ ಸಲ ಬ್ಯಾಂಕಿನವರು ಬರುವ ದಿನ ಬೆಳಿಗ್ಗೆಯೇ ಮಾರ್ಕಣ್ಣ ನನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ‘ಅಣ್ಣ, ದುರ್ಗಕ್ಕೆ ಹೋಗಿ ಕೋಟೆ ನೋಡ್ಕಂಡು ಬರ್ರಿ’ ಎಂದ.

‘ನೋಡೀನಲ್ಲೋ ಮಾರಾಯ.’

‘ಇನ್ನೊಂದ್ಸಲ ನೋಡ್ರಿ.’

ಕೋಟೆಯ ಬಂಡೆಯ ಮೇಲೆ ಒಬ್ಬನೇ ಕೂತು ಬಿಸ್ಕತ್ತು ತಿನ್ನುತ್ತಿದ್ದಾಗ ಅವನ ಫೋನು ಬಂತು. ‘ಅಣ್ಣಾ, ಅಕೌಂಟ್ ಆತು!’ ನನಗೆ ಕಣ್ಣಲ್ಲಿ ನೀರೇ ಬಂತು. ‘ಇಗೋ, ಈಗ್ಲೇ ಬಸ್ ಹತ್ತಿದೆ ಕಣೋ’ ಎಂದೆ.

‘ಬ್ಯಾಡ್ರಿ ಅಣ್ಣ, ಅಲ್ಲೇ ಇರ್ರಿ’ ಎಂದ ಅವಸರವಾಗಿ. ‘ನಾಳೆ ಜಿಎಸ್‌ಟಿಯೋರು ಬರ್ತಾರಂತೆ.’

ಹಿಂದಿನಿಂದ ನನ್ನ ಹೆಂಡತಿಯ ದನಿಯೂ ಸ್ಪಷ್ಟವಾಗಿ ಕೇಳಿಸಿತು: ‘ಹೂಂ, ಅಲ್ಲೇ ಇರ್ಲಿ ಅನ್ನು.’