ಲಿನಕ್ಸ್ ಹಾಕಿ ಜೀಪು ಗೆಲ್ಲಲು ಹೊರಟಿದ್ದು

ನಂಬುವುದಿಲ್ಲವೋ, ಬಿಡಿ. ಕೊಡಗಿನ ಬಿಟ್ಟಂಗಾಲದಿಂದ ಬಾಳೆಲೆ ಊರಿನವರೆಗೆ ಯಾವ ತೋಟದ ಆಫೀಸಿನಲ್ಲಾದರೂ ಕೇಳಿ ನೋಡಿ, ಸತ್ತ ಕಂಪ್ಯೂಟರನ್ನು ಎಬ್ಬಿಸುವವನು ಯಾರು ಅಂತ. ನನ್ನ ಹೆಸರು ಹೇಳದಿದ್ದರೆ ನನ್ನ ಮೀಸೆ ಬೋಳಿಸಿ. ಬೇರೆಯವರು ರಿಪೇರಿಗೆ ಹೋದರೆ ರಿಪೇರಿ ಆಗುತ್ತದೆ, ನಾನು ಹೋದಲ್ಲಿ ಜೊತೆಗೊಂದು ಕಥೆಯೂ ಆಗುತ್ತದೆ. ಈಗ ನನ್ನದೇ ಅಂಗಡಿ ಇದೆ, ಬರುವುದೆಲ್ಲ ಹೊಳೆಯುವ ಹೊಸ ಲ್ಯಾಪ್‌ಟಾಪುಗಳೇ. ಆದರೂ ಕರೆಂಟು ಹೋಗಿ ಸುಮ್ಮನೆ ಕೂತಾಗ ನೆನಪಾಗುವುದು ಕಾಫಿ ಹೊಟ್ಟಿನ ವಾಸನೆಯ ಆ ತೋಟದ ಆಫೀಸು.

ಪಂಥ

ಆಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ಚೆನ್ನಾಗಿ ಬಂದಿತ್ತು. ಆಫೀಸಿನ ಕಂಪ್ಯೂಟರ್ ಎಷ್ಟು ಮುದಿಯಾಗಿತ್ತೆಂದರೆ, ಅದು ತೆರೆದುಕೊಳ್ಳುವಷ್ಟರಲ್ಲಿ ಆಳುಗಳು ತೋಟ ಸೇರಿ ಒಂದು ಸಾಲು ಕಾಫಿ ಕುಯ್ದಿರುತ್ತಿದ್ದರು. ತೋಟದ ಒಡೆಯರಾದ ಸಾವ್ಕಾರ್ರು ಅದನ್ನು ಗುಜರಿಗೆ ಹಾಕಲು ಹೊರಟಿದ್ದರು.

"ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತೇನೆ ಸಾವ್ಕಾರ್ರೆ, ಓಡ್ತದೆ," ಅಂದೆ.

"ಅದೆಂಥದು ಮಾರಾಯ?"

"ಜೀಪಿನ ಹಾಗೆ. ಎಂಜಿನ್ ಒಂದೇ, ಮೇಲಿನ ಬಾಡಿ ನಮಗೆ ಬೇಕಾದ ಹಾಗೆ. ಆ ಬಾಡಿಗೆ ಡೆಸ್ಕ್‌ಟಾಪ್ ಅಂತಾರೆ. ಒಂದು ಹಿಡಿಸದಿದ್ರೆ ಇನ್ನೊಂದು."

ಜೀಪು ಅಂದಕೂಡಲೇ ನನ್ನ ಕಣ್ಣು ಶೆಡ್ಡಿನ ಕಡೆ ಹೋಯಿತು. ಅಲ್ಲಿ ಟಾರ್ಪಾಲಿನಡಿ ಒಂದು ಹಳೇ ಜೀಪು ನಿಂತಿತ್ತು. ಸಾವ್ಕಾರ್ರು ನಕ್ಕರು. "ನಮ್ಮ ರೈಟರು ಒಂದು ಸಲ 'ಸರಿಯಾಗಿದೆ' ಅಂತ ಬಾಯಿಬಿಟ್ಟು ಹೇಳಲಿ. ಜೀಪು ನಿಂಗೆ."

ರೈಟರು ಅಂದರೆ ತೋಟದ ಹಾಜರಿ, ಕೆಲಸ ನೋಡಿಕೊಳ್ಳುವವರು. ಅವರು ಹುಟ್ಟಿದಾಗಿನಿಂದ ಯಾವುದನ್ನೂ ಸರಿಯಾಗಿದೆ ಅಂದವರಲ್ಲ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಲಿಲ್ಲ.

ಖಾಲಿ ಮನೆ

ಮೊದಲು ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಹಾಕಿದೆ. ಅದರಲ್ಲಿ ಪರದೆ ಸ್ವಚ್ಛ, ಮೇಲೊಂದು ಪಟ್ಟಿ, ಅಷ್ಟೆ. ನಾನು ಎದೆಯುಬ್ಬಿಸಿ ನಿಂತೆ. ರೈಟರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಸಾಮಾನೆಲ್ಲ ಎಲ್ಲಿ?"

"ಒಳಗಿದೆ ರೈಟರೇ. ಬೇಕಾದಾಗ ಕರೆದ್ರೆ ಬರ್ತದೆ."

"ಕರೆದಾಗ ಬರೋರು ನಮ್ಮ ಆಳುಗಳ ಲೈನಲ್ಲೇ ಯಾರೂ ಇಲ್ಲ. ಇದು ಬರ್ತದಾ?"

ನಿಂಬೆಹಣ್ಣು

ಎರಡನೆಯದು ಕೆಡಿಇ. ಇದರಲ್ಲಿ ಏನು ಬೇಕಾದರೂ ಬದಲಿಸಬಹುದು, ನಾನು ಎಲ್ಲವನ್ನೂ ಬದಲಿಸಿದೆ. ಪರದೆಯ ಕಿಟಕಿಯನ್ನು ಎಳೆದರೆ ಹಲಸಿನ ತೊಳೆಯ ಹಾಗೆ ಬಳುಕಬೇಕು, ಮುಚ್ಚಿದರೆ ಹೊಗೆಯಾಗಿ ಹೋಗಬೇಕು. ಮುದಿ ಯಂತ್ರ ಏದುಸಿರು ಬಿಟ್ಟರೂ ಬಳುಕಿತು. ಇಂಥದ್ದು ವಿರಾಜಪೇಟೆಯಲ್ಲೇ ಯಾರ ಹತ್ತಿರವೂ ಇರಲಿಲ್ಲ, ಗೊತ್ತಾ!

ರೈಟರು ನೋಡಿದರು, ಎದ್ದು ಹೊರಗೆ ಹೋದರು. ಮಾಕುಟ್ಟ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗಾಯಿತಂತೆ. ಮರುದಿನ ಒಂದು ಕೈಯಲ್ಲಿ ಮೌಸು, ಇನ್ನೊಂದು ಕೈಯಲ್ಲಿ ಮೂಗಿನ ಹತ್ತಿರ ನಿಂಬೆಹಣ್ಣು ಹಿಡಿದು ಹಾಜರಿ ಹಾಕುತ್ತಿದ್ದರು.

ಹೊಳೆಗೆ ಬಿದ್ದ ಕಣ

ಮೂರನೆಯದು ಎಕ್ಸ್‌ಎಫ್‌ಸಿಇ. ಹಗುರ, ನಿಧಾನಸ್ಥ, ಬಳುಕುವುದಿಲ್ಲ. ಈ ಸಲ ರೈಟರು ತಾವೇ ಬಾಯಿಬಿಟ್ಟರು. "ನೋಡು, ಮೇಲಿನ ತೋಟದ ಲೆಕ್ಕ ಪರದೆಯಲ್ಲೂ ಮೇಲಿರಬೇಕು. ಹೊಳೆ ಬದಿದು ಕೆಳಗೆ. ಕಾಫಿ ಒಣಗಿಸೋ ಕಣ ಆಫೀಸಿನ ಬಲಗಡೆ. ಮೂವತ್ತು ವರ್ಷ ನಡೆದಿದ್ದೇನೆ, ಕಣ್ಣು ಮುಚ್ಚಿದರೂ ದಾರಿ ಸಿಗಬೇಕು."

ಗೋಡೆಯ ಮೇಲಿದ್ದ ತೋಟದ ನಕ್ಷೆಯ ಫೋಟೋ ಹಿಡಿದು ಪರದೆಗೆ ಹಾಕಿದೆ. ಪ್ರತಿಯೊಂದು ಫೋಲ್ಡರನ್ನೂ ಅದರದರ ಜಾಗದಲ್ಲಿ ಕೂರಿಸಿದೆ. ಇಂಥ ಡೆಸ್ಕ್‌ಟಾಪ್ ಲೋಕದಲ್ಲೇ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಜೀಪು ಅಂದೇ ನನ್ನದಾಗುತ್ತಿತ್ತು. ಅಕ್ಷರ ಸಣ್ಣದಾಯಿತು ಅಂತ ಪರದೆಯ ಅಳತೆ ಬದಲಿಸಿದೆ, ಫೋಲ್ಡರುಗಳೆಲ್ಲ ಜಾರಿದವು. ಆಫೀಸಿನಿಂದ ರೈಟರ ಕೂಗು ಶೆಡ್ಡಿನವರೆಗೆ ಕೇಳಿತು:

"ಅಯ್ಯೋ, ಕಣ ಹೊಳೆಗೆ ಬಿತ್ತು!"

ಹೊರಗೆ ಕಾಫಿ ಕೆದಕುತ್ತಿದ್ದ ಆಳುಗಳು ರೇಕು ಬಿಸಾಡಿ ಓಡಿಬಂದರು.

ಇಲಿಗೆ ಬೆಕ್ಕು

ಎಲ್ಲ ಸರಿಮಾಡಿದೆ. ಆದರೂ ರೈಟರ ಮುಖ ಬಿಗಿದೇ ಇತ್ತು. ಪರದೆಯ ಮೂಲೆಯಲ್ಲಿ, ಮೆನುವಿನ ಗುರುತಾಗಿ, ಒಂದು ಇಲಿಯ ಚಿತ್ರವಿತ್ತು. ಎಕ್ಸ್‌ಎಫ್‌ಸಿಇಯ ಗುರುತೇ ಅದು.

"ಗೋದಾಮಿನಲ್ಲಿ ಗೋಣಿಚೀಲ ತೂತು ಮಾಡೋದು ಸಾಲದು ಅಂತ ಇಲ್ಲಿಗೂ ಬಂತಾ?"

ಚಿತ್ರ ತೆಗೆಯುವುದು ಸುಲಭವಿತ್ತು. ಸುಲಭದ ಕೆಲಸ ನಾನು ಮಾಡುವುದಿಲ್ಲ. ಪರದೆಯ ಮೇಲೊಂದು ಬೆಕ್ಕು ಬಿಟ್ಟೆ. ಮೌಸು ಸರಿಸಿದಲ್ಲೆಲ್ಲ ಓಡಿಬರುತ್ತದೆ, ಸುಮ್ಮನಿದ್ದರೆ ಆಕಳಿಸಿ ಮಲಗುತ್ತದೆ.

ರೈಟರು ಮೊದಲ ಸಲ ನಕ್ಕರು. ಪರದೆಯ ಬೆಕ್ಕು ಹಾಲು ಕುಡಿಯುವುದಿಲ್ಲವಲ್ಲ ಅಂತ, ತಮ್ಮ ಕಾಫಿಯ ಹಾಲಿನಲ್ಲಿ ಅರ್ಧವನ್ನು ಶೆಡ್ಡಿನಲ್ಲಿದ್ದ ನಿಜವಾದ ಬೆಕ್ಕಿಗೆ ಇಡಲು ಶುರುಮಾಡಿದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ, ಕಾಫಿ ಪಿಕ್ಕಿಂಗಿನ ಹೆಂಗಸರು ಹಾಜರಿಗೆ ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ, ರೈಟರು ಕೈಕಟ್ಟಿ ಕೂತಿದ್ದಾರೆ.

"ಯಾಕೆ ರೈಟರೇ?"

"ಶ್! ಈಗಷ್ಟೇ ಮಲಗಿದೆ."

ಜೀಪು

ಕೊನೆಗೆ ಸಾವ್ಕಾರ್ರು ಬಂದು ನೇರವಾಗಿ ಕೇಳಿದರು. "ಹೇಗಿದೆ ರೈಟರೇ, ಕಂಪ್ಯೂಟರು?"

ನನ್ನ ಎದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ರೈಟರು ಪರದೆ ನೋಡಿದರು, ಬೆಕ್ಕು ನೋಡಿದರು, ನನ್ನನ್ನು ನೋಡಿದರು.

"ಸರಿಯಾಗಿದೆ."

ನಾನು ಕುಣಿದುಬಿಟ್ಟೆ. ಸಾವ್ಕಾರ್ರು ಕೊಟ್ಟ ಮಾತಿನಂತೆ ಶೆಡ್ಡಿಗೆ ನಡೆದರು, ನಾವು ಹಿಂದೆ. ಅವರೇ ಟಾರ್ಪಾಲು ಎಳೆದರು. ಧೂಳು ಇಳಿದ ಮೇಲೆ ಬಾನೆಟ್ ಮೇಲೆ ಕೈಯಾಡಿಸುತ್ತ ನಿಂತರು, ನಿಂತೇ ಇದ್ದರು. "ಮದುವೆಯಾಗಿ ಹೆಂಡತೀನ ಇದರಲ್ಲೇ ಕರ್ಕೊಂಡು ಬಂದದ್ದು. ದಾರಿಯುದ್ದಕ್ಕೂ ನಾನೇ ಗಾಡಿ ಬಿಟ್ಟದ್ದು," ಅಂದರು. ಅವರ ದನಿ ಕೇಳಿದಾಗಲೇ ಜೀಪು ನನ್ನ ಕೈತಪ್ಪಿತು ಅಂತ ಗೊತ್ತಾಯಿತು. ಆದರೂ ಬಿಡುವವನಾ ನಾನು? ಬಾಗಿಲಿಗೆ ಕೈಹಾಕಿದೆ.

ಹಿಂದಿನಿಂದ ರೈಟರು ನನ್ನ ಕಾಲರ್ ಹಿಡಿದರು. ಡ್ರೈವರ್ ಸೀಟಿನ ಮೇಲೆ ಶೆಡ್ಡಿನ ಬೆಕ್ಕು ಮಲಗಿತ್ತು, ಮಗ್ಗುಲಲ್ಲಿ ಮರಿಗಳು. ರೈಟರ ಹಾಲು ಕುಡಿದು ಕೊಬ್ಬಿದ ಸಂಸಾರ.

"ಎಬ್ಬಿಸಬೇಡ ಮಾರಾಯ," ಅಂದರು ರೈಟರು.

ಸಾವ್ಕಾರ್ರಿಗೆ ಅಷ್ಟು ಸಾಕಿತ್ತು. "ಹೌದೌದು, ಬಾಣಂತಿ ಅದು!" ಅಂತ ಟಾರ್ಪಾಲು ಮತ್ತೆ ಹೊದಿಸಿದರು.

ಆ ಜೀಪು ಈಗಲೂ ಅಲ್ಲೇ ಇದೆ. ರೈಟರು ರಿಟೈರ್ ಆದರು, ಕಂಪ್ಯೂಟರು ಹೋಯಿತು, ಹೊಳೆ, ಕಣ, ಮೇಲಿನ ತೋಟ ಎಲ್ಲ ಅದರೊಳಗೇ ಹೋದವು. ಆದರೆ ಆ ದಿನಗಳಲ್ಲೇ, ಕೊಟ್ಟ ಮಾತು ಪೂರ್ತಿ ತಪ್ಪಬಾರದು ಅಂತ, ಮರಿಗಳು ಕಣ್ಣುಬಿಟ್ಟು ಓಡಾಡುವ ಹಾಗಾದ ಮೇಲೆ ಸಾವ್ಕಾರ್ರು ನನ್ನನ್ನು ಕರೆಸಿದರು.

ನನಗೆ ಒಂದು ಬೆಕ್ಕಿನ ಮರಿ ಕೊಟ್ಟರು.